ಸಿಗ್ನಲ್ ಫುಲ್ ಇದ್ದರೂ ಮ್ಯಾಚ್ ಯಾಕೆ ಸುತ್ತುತ್ತೆ?

(ವೇದಿಕೆಯ ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು ಇಂಜಿನಿಯರ್ ಅಲ್ಲ. ಸರ್ಕಾರಿ ಐ.ಟಿ.ಐ.ನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮಾಡಿದವನು. ಆದರೆ ಸಿಡ್ನಿಯಲ್ಲೂ ಮೆಲ್ಬರ್ನ್‌ನಲ್ಲೂ ಡೇಟಾ ಸೆಂಟರ್‌ಗಳಲ್ಲಿ ಕೇಬಲ್ ಎಳೆದಿದ್ದೇನೆ, ಮೊಬೈಲ್ ಟವರ್ ಬುಡದ ಪೆಟ್ಟಿಗೆಗಳಿಗೆ ಕರೆಂಟ್ ಕೊಡುವ ಕೆಲಸ ಮಾಡಿದ್ದೇನೆ. ಕರೆಂಟ್ ಎಲ್ಲಿಗೆ ಹೋಗುತ್ತದೆ ಅಂತ ಹುಡುಕುತ್ತಾ ಹೋದರೆ, ಡೇಟಾ ಎಲ್ಲಿಂದ ಬರುತ್ತದೆ ಅನ್ನೋದೂ ಗೊತ್ತಾಗುತ್ತಾ ಹೋಗುತ್ತದೆ. ಅಲ್ಲಿ ಕಲಿತದ್ದನ್ನೇ ನಮ್ಮ ಮಾತಿನಲ್ಲಿ ಹೇಳ್ತೀನಿ.

ನಮ್ಮ ಹುಡುಗರು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಸಿಗ್ನಲ್ ಕಡ್ಡಿ ಫುಲ್ ಇದೆ. ಆದ್ರೂ ವಿಡಿಯೋ ಸುತ್ತುತ್ತಾನೇ ಇದೆ, ಯಾಕೆ?" 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಆರ್‌ಸಿಬಿ ಫೈನಲ್ ಆಡಿತಲ್ಲ, ಅಲ್ಲಿ ಸಂಜೆ ಏಳೂವರೆ ಅಂದರೆ ನಮಗೆ ಇಲ್ಲಿ ನಡುರಾತ್ರಿ ಹನ್ನೆರಡು. ಹದಿನೆಂಟು ವರ್ಷ ಕಾದ ಕಪ್ಪು 6 ರನ್‌ನಲ್ಲಿ ನಮ್ಮದಾಯಿತು. ಹ್ಯಾರಿಸ್ ಪಾರ್ಕ್, ವೆಂಟ್‌ವರ್ತ್‌ವಿಲ್‌ನಿಂದ ಹಿಡಿದು ಆ ಕಡೆ ಟಾರ್ನಿಟ್, ಕ್ರೇಗಿಬರ್ನ್‌ವರೆಗೆ ಎಷ್ಟೋ ಮನೆಗಳಲ್ಲಿ ಅವತ್ತು ಯಾರೂ ಮಲಗಿರಲಿಲ್ಲ. ಒಂದೇ ರೂಮಿನಲ್ಲಿ ಒಬ್ಬನ ಫೋನಿನಲ್ಲಿ ಕೊನೆ ಓವರ್, ಇನ್ನೊಬ್ಬನ ಫೋನಿನಲ್ಲಿ ಬರೀ ಚಕ್ರ.

ಉತ್ತರದ ತಿರುಳನ್ನು ಮೊದಲೇ ಹೇಳಿಬಿಡ್ತೀನಿ. ಆ ಕಡ್ಡಿಗಳು ಹೇಳುವುದು ನಿಮ್ಮ ಫೋನಿಗೂ ಹತ್ತಿರದ ಟವರ್‌ಗೂ ನಡುವಿನ ಸಂಬಂಧ ಮಾತ್ರ. ಟವರ್‌ನ ಹಿಂದೆ ಏನಿದೆ ಅನ್ನೋದನ್ನು ಅವು ಹೇಳೋದಿಲ್ಲ. ಸ್ವಿಚ್ ಬೋರ್ಡಿನ ಇಂಡಿಕೇಟರ್ ಉರಿಯುತ್ತಿದೆ ಅಂದ ಮಾತ್ರಕ್ಕೆ ಮೋಟಾರ್ ತಿರುಗುವಷ್ಟು ಕರೆಂಟ್ ಇದೆ ಅಂತ ಅರ್ಥವಲ್ಲ. ಇದು ಮ್ಯಾಚಿಗಷ್ಟೇ ಸಂಬಂಧಪಟ್ಟ ಮಾತಲ್ಲ, ಜೀವಕ್ಕೂ ಸಂಬಂಧಪಟ್ಟದ್ದು. ಅದನ್ನು ಕೊನೆಗೆ ಹೇಳ್ತೀನಿ.

ಮೊದಲು ದಾರಿ ನೋಡೋಣ. ಫೋನಿನಿಂದ ಟವರ್‌ವರೆಗೆ ಮಾತ್ರ ಗಾಳಿಯಲ್ಲಿ. ಟವರ್‌ನಿಂದ ಮುಂದೆ ಸಾಮಾನ್ಯವಾಗಿ ನೆಲದಡಿಯ ಫೈಬರ್, ಕೆಲವು ಕಡೆ ಮೈಕ್ರೋವೇವ್ ಡಿಶ್. ಅದು ಹೋಗಿ ಸೇರುವುದು ಕಂಪನಿಯ ಮೂಲ ಜಾಲಕ್ಕೆ, ಇಂಗ್ಲಿಷಿನಲ್ಲಿ ಕೋರ್ ಅಂತಾರೆ. ಕೋರ್‌ನ ಬಾಗಿಲು ದಾಟಿದ ಮೇಲೆಯೇ ಇಂಟರ್‌ನೆಟ್. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಟವರ್ ಅಂದರೆ ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರ್, ಫೈಬರ್ ಅಂದರೆ ಫೀಡರ್ ಲೈನ್, ಕೋರ್ ಅಂದರೆ ಸಬ್‌ಸ್ಟೇಷನ್.

ಈಗ ಮೊದಲನೇ ಕಷ್ಟ: ಹಂಚಿಕೆ. ಟವರ್ ಮೇಲೆ ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು ಆಂಟೆನಾ ಗುಂಪು ಇರುತ್ತವೆ. ಒಂದೊಂದು ದಿಕ್ಕಿನಲ್ಲಿರುವವರೆಲ್ಲ ಆ ದಿಕ್ಕಿನ ಸಾಮರ್ಥ್ಯವನ್ನು ಹಂಚಿಕೊಳ್ಳಬೇಕು. ನಾವು ಟ್ರೇಡಿನಲ್ಲಿ ಡೈವರ್ಸಿಟಿ ಫ್ಯಾಕ್ಟರ್ ಓದಿದ್ದೇವಲ್ಲ, ಅದೇ ಇದು. ಹತ್ತು ಮನೆಯ ಕಟ್ಟಡಕ್ಕೆ ಮೇನ್ ಕೇಬಲ್ ಲೆಕ್ಕ ಹಾಕುವಾಗ ಹತ್ತೂ ಮನೆಯ ಗೀಸರ್, ಒಲೆ, ಎ.ಸಿ. ಒಂದೇ ನಿಮಿಷಕ್ಕೆ ಹಾಕ್ತಾರೆ ಅಂತ ಯಾರೂ ಲೆಕ್ಕ ಹಾಕೋದಿಲ್ಲ. ಹಾಗೆ ಹಾಕಿದರೆ ತೋಳಿನಷ್ಟು ದಪ್ಪದ ಕೇಬಲ್ ಬೇಕಾಗುತ್ತದೆ. ಮೊಬೈಲ್ ಜಾಲವನ್ನೂ ಇದೇ ನಂಬಿಕೆಯ ಮೇಲೆ ಕಟ್ಟುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ ವಿಡಿಯೋ ಹಾಕಿದರೆ ಆ ನಂಬಿಕೆ ಸುಳ್ಳಾಗುತ್ತದೆ. ಐಪಿಎಲ್ ಫೈನಲ್ ಅಂದರೆ ಹತ್ತೂ ಮನೆಯ ಗೀಸರ್ ಒಟ್ಟಿಗೆ ಹಾಕಿದ ಹಾಗೆ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಟವರ್‌ಗೆ ಹತ್ತಿರ ಇರುವ ಫೋನ್ ಒಂದು ವಿಡಿಯೋವನ್ನು ಬೇಗ ಎಳೆದುಕೊಂಡು ಜಾಗ ಬಿಡುತ್ತದೆ. ದೂರದಲ್ಲಿ, ಕಾಂಕ್ರೀಟ್ ಗೋಡೆಯ ಒಳಗಿರುವ ಫೋನಿಗೆ ಅದೇ ವಿಡಿಯೋ ಕೊಡಲು ಟವರ್ ಹೆಚ್ಚು ಹೊತ್ತು ದುಡಿಯಬೇಕು. ಹಾಗಾಗಿ ಒಬ್ಬರ ಕೆಟ್ಟ ಜಾಗ ಎಲ್ಲರ ಪಾಲನ್ನೂ ಕಡಿಮೆ ಮಾಡುತ್ತದೆ. ಇದಕ್ಕೆ ಇರುವ ದಾರಿ ಮೂರು: ಹೆಚ್ಚು ತರಂಗಾಂತರ ತರುವುದು, ಟವರ್‌ಗಳನ್ನು ಒತ್ತೊತ್ತಾಗಿ ಹಾಕುವುದು, ಇಲ್ಲವೇ ಇರುವುದನ್ನೇ ಜಾಣತನದಿಂದ ಬಳಸುವುದು. ಆಸ್ಟ್ರೇಲಿಯಾದಲ್ಲಿ 2013ರ ಡಿಸೆಂಬರಿನಲ್ಲಿ ಹಳೆಯ ಅನಲಾಗ್ ಟಿ.ವಿ. ಪೂರ್ತಿ ನಿಂತಿತು. ಅದರಿಂದ ಖಾಲಿಯಾದ 700 ಮೆಗಾಹರ್ಟ್ಸ್ ಜಾಗ 2015ರಿಂದ 4ಜಿ ಮೊಬೈಲಿಗೆ ಸಿಕ್ಕಿತು. ಈ ತರಂಗ ದೂರ ಹೋಗುತ್ತದೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ, ಆದರೆ ಹೊರುವ ಭಾರ ಕಡಿಮೆ. 5ಜಿಯ 3.6 ಗಿಗಾಹರ್ಟ್ಸ್ ತರಂಗ ಭಾರ ಹೊರುತ್ತದೆ, ಆದರೆ ಬೇಗ ಸುಸ್ತಾಗುತ್ತದೆ. ಎತ್ತಿನ ಗಾಡಿಯೂ ಬೇಕು, ಲಾರಿಯೂ ಬೇಕು.

ಎರಡನೇ ಕಷ್ಟ: ದೂರ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸಿಡ್ನಿಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೂ 9,000 ಕಿಲೋಮೀಟರ್‌ಗೂ ಹೆಚ್ಚು. ಅಂದರೆ ಹೋಗಿ ಬರಲಿಕ್ಕೇ ಸೆಕೆಂಡಿನ ಹತ್ತನೇ ಒಂದು ಭಾಗದ ಹತ್ತಿರ ಬೇಕು. ಕೇಬಲ್ ನೇರವಾಗಿ ಹೋಗೋದೂ ಇಲ್ಲ. 2019ರಲ್ಲಿ ಶುರುವಾದ ಇಂಡಿಗೋ ಸಮುದ್ರ ಕೇಬಲ್ಲನ್ನೇ ನೋಡಿ, ಸಿಂಗಾಪುರದಿಂದ ಪರ್ತ್‌ಗೆ ಬಂದು, ಅಲ್ಲಿಂದ ದಕ್ಷಿಣ ಸಮುದ್ರ ಸುತ್ತಿ ಸಿಡ್ನಿಗೆ ಬರುತ್ತದೆ. ಹತ್ತನೇ ಒಂದು ಭಾಗ ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಮೊದಲ ಚಿತ್ರ ಕಾಣುವ ಮುನ್ನ ಫೋನೂ ಸರ್ವರೂ ಹಲವು ಸಲ ಮಾತಾಡಿಕೊಳ್ಳಬೇಕು. ಅದೂ ಅಲ್ಲದೆ ಒಂದೇ ಸಿನಿಮಾವನ್ನು ಸಾವಿರ ಜನಕ್ಕೆ ಸಾವಿರ ಸಲ ಸಮುದ್ರ ದಾಟಿಸುವುದು ದಂಡ.

ಇದಕ್ಕೆ ಕಂಡುಕೊಂಡ ಉಪಾಯ ನಮ್ಮೂರಿನ ನಂದಿನಿ ಬೂತಿನದೇ. ಅರ್ಧ ಲೀಟರ್ ಹಾಲಿಗೆ ಯಾರೂ ಡೇರಿಗೆ ಹೋಗೋದಿಲ್ಲ. ಬೆಳಗಿನ ಜಾವ, ರಸ್ತೆ ಖಾಲಿ ಇರುವಾಗ, ವ್ಯಾನು ಬಂದು ಬೂತಿಗೆ ಕ್ರೇಟುಗಳನ್ನು ಇಳಿಸಿ ಹೋಗುತ್ತದೆ. ಎದ್ದವರು ಬೀದಿ ಕೊನೆಗೆ ನಡೆದು ತರುತ್ತಾರೆ. ಇಂಟರ್‌ನೆಟ್‌ನ ಇಂಥ ಬೂತಿಗೆ ಕ್ಯಾಶ್ ಅಂತಾರೆ, ದುಡ್ಡಿನ ಕ್ಯಾಶ್ ಅಲ್ಲ, ದಾಸ್ತಾನು. ಅಮೆರಿಕದ ಎಂ.ಐ.ಟಿ.ಯಲ್ಲಿ ಗಣಿತ ಮಾಡುತ್ತಿದ್ದ ಟಾಮ್ ಲೇಟನ್, ಡ್ಯಾನಿಯಲ್ ಲೆವಿನ್ ಸೇರಿ 1998ರಲ್ಲಿ ಅಕಮಾಯ್ ಕಂಪನಿ ಕಟ್ಟಿದ್ದು ಈ ಕೆಲಸಕ್ಕೇ. ನೆಟ್‌ಫ್ಲಿಕ್ಸ್ 2012ರಲ್ಲಿ ತನ್ನದೇ ದಾಸ್ತಾನು ಪೆಟ್ಟಿಗೆಗಳನ್ನು ಓಪನ್ ಕನೆಕ್ಟ್ ಅನ್ನುವ ಹೆಸರಿನಲ್ಲಿ ಮಾಡಿ, ಇಂಟರ್‌ನೆಟ್ ಕಂಪನಿಗಳ ಜಾಲದ ಒಳಗೇ ಇಡಲು ಶುರುಮಾಡಿತು. ಗೂಗಲ್ ಕೂಡ ಯೂಟ್ಯೂಬ್‌ಗೆ ಹೀಗೇ ಮಾಡುತ್ತದೆ. ಜನ ಮಲಗಿರುವ ಹೊತ್ತಿನಲ್ಲಿ, ಲೈನ್ ಖಾಲಿ ಇರುವಾಗ, ನಾಳೆ ಯಾವುದನ್ನು ಹೆಚ್ಚು ನೋಡುತ್ತಾರೆ ಅಂತ ಅಂದಾಜು ಮಾಡಿ ಪೆಟ್ಟಿಗೆ ತುಂಬುತ್ತಾರೆ. ಸಿಡ್ನಿಯ ಅಲೆಕ್ಸಾಂಡ್ರಿಯಾ, ಮೆಲ್ಬರ್ನ್‌ನ ಪೋರ್ಟ್ ಮೆಲ್ಬರ್ನ್ ಕಡೆಯಲ್ಲಿರುವ ಕಿಟಕಿ ಇಲ್ಲದ ದೊಡ್ಡ ಕಟ್ಟಡಗಳನ್ನು ನೋಡಿದ್ದೀರಿ. ನೀವು ರಾತ್ರಿ ನೋಡುವ ಸಿನಿಮಾ ಅಮೆರಿಕದಿಂದ ಬರುತ್ತಿದೆ ಅಂದುಕೊಂಡಿರುತ್ತೀರಿ. ಅದು ಬಹಳ ಸಲ ಅಂಥದೇ ಕಟ್ಟಡದ ಒಂದು ರಾಕಿನಿಂದ, ನಮ್ಮಂಥವರು ಕರೆಂಟ್ ಕೊಟ್ಟ ರಾಕಿನಿಂದ ಬರುತ್ತಿರುತ್ತದೆ.

ಹಾಗಾದರೆ ಪ್ರತಿ ಟವರ್ ಬುಡದಲ್ಲೂ ಒಂದು ಬೂತ್ ಇಡಬಾರದಾ? ಒಳ್ಳೆ ಪ್ರಶ್ನೆ. ಇಡೋಕೆ ಎರಡು ಅಡ್ಡಿ. ಒಂದು, ಟವರ್‌ನಿಂದ ಕೋರ್‌ವರೆಗೆ ಡೇಟಾ ಹೋಗುವುದು ಮುಚ್ಚಿದ ಪೈಪಿನಲ್ಲಿ. ನೀವು ಬಸ್ಸಿನಲ್ಲಿ ಒಂದು ಟವರ್‌ನಿಂದ ಇನ್ನೊಂದಕ್ಕೆ ಹೋದರೂ ವಿಡಿಯೋ ತುಂಡಾಗದೆ ಇರಲು, ಯಾರು ಎಷ್ಟು ಬಳಸಿದರು ಅಂತ ಲೆಕ್ಕ ಇಡಲು ಆ ಪೈಪ್ ಬೇಕು. ಅದು ತೆರೆದುಕೊಳ್ಳುವುದು ಕೋರ್‌ನ ಬಾಗಿಲಲ್ಲೇ. ಇನ್ನೊಂದು, ಈಗ ಹೆಚ್ಚಿನ ವಿಡಿಯೋಗಳು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬರುತ್ತವೆ. ನಡುವಿನವರಿಗೆ ಒಳಗೇನಿದೆ ಅಂತ ಕಾಣದು, ಹಾಗಾಗಿ ನಕಲು ಇಟ್ಟುಕೊಳ್ಳಲೂ ಆಗದು. ನಮ್ಮ ಗುಟ್ಟಿಗೆ ಅದು ಒಳ್ಳೆಯದೇ. 5ಜಿಯಲ್ಲಿ ಈ ಬಾಗಿಲನ್ನು ಎರಡು ಭಾಗ ಮಾಡಿದ್ದಾರೆ: ಲೆಕ್ಕ-ಪತ್ರ ನೋಡುವ ಭಾಗ ಒಂದು ಕಡೆ, ಡೇಟಾ ಸಾಗಿಸುವ ಭಾಗ ಬೇಕಾದ ಊರಿನಲ್ಲಿ. ಮೆಲ್ಬರ್ನ್‌ನವನ ಡೇಟಾ ಸಿಡ್ನಿಗೆ ಹೋಗಿ ತಿರುಗಿ ಬರಬೇಕಿಲ್ಲ, ಮೆಲ್ಬರ್ನ್‌ನಲ್ಲೇ ಬಾಗಿಲು ತೆರೆದು ಅಲ್ಲೇ ಬೂತ್ ಇಡಬಹುದು. ಜಾಲದ ವಿನ್ಯಾಸ ಅಂದರೆ ಮುಖ್ಯವಾಗಿ ಇದೇ, ಬಾಗಿಲು ಎಲ್ಲಿಡಬೇಕು, ಬೂತ್ ಎಲ್ಲಿಡಬೇಕು ಅನ್ನೋ ಲೆಕ್ಕ.

ಈ ಲೆಕ್ಕ ಗೊತ್ತಿದ್ದರೆ ನಮ್ಮ ಹಲವರ ಫೋನ್ ಯಾಕೆ ನಿಧಾನ ಅಂತ ತಾನೇ ತಿಳಿಯುತ್ತದೆ. ಊರಿನ ಸಿಮ್ಮನ್ನು ಇಲ್ಲಿ ರೋಮಿಂಗಿನಲ್ಲಿ ಬಳಸಿದರೆ, ಅದರ ಬಾಗಿಲು ಸಾಮಾನ್ಯವಾಗಿ ಭಾರತದಲ್ಲೇ ಇರುತ್ತದೆ. ಪರಮಟ್ಟಾದಲ್ಲಿ ಕೂತು ಪರಮಟ್ಟಾದ ಹೋಟೆಲ್ ಹುಡುಕಿದರೂ ಪ್ರಶ್ನೆ ಭಾರತಕ್ಕೆ ಹೋಗಿ ಬರುತ್ತದೆ. ವಿ.ಪಿ.ಎನ್. ಹಾಕಿ ಭಾರತ ಅಂತ ಆರಿಸಿಕೊಂಡರೂ ಇದೇ ಕಥೆ: ಪಕ್ಕದ ಬೂತಿನಲ್ಲಿ ಹಾಲಿದ್ದರೂ ಡೇರಿಗೇ ಹೋಗಿ ತಂದ ಹಾಗೆ. ಆಮೇಲೆ ಇಲ್ಲಿನ ಟವರ್ ಸರಿ ಇಲ್ಲ ಅಂತ ಬೈಯ್ಯುತ್ತೇವೆ.

ಮೂರನೇ ಕಷ್ಟ: ನೇರ ಪ್ರಸಾರ. ಸಿನಿಮಾವನ್ನು ರಾತ್ರಿಯೇ ತುಂಬಿಡಬಹುದು, ಇನ್ನೂ ಎಸೆಯದ ಬಾಲನ್ನು ಹೇಗೆ ತುಂಬಿಡುವುದು? ಅದಕ್ಕೆ ಮ್ಯಾಚನ್ನು ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೂ ಬೂತಿಗೆ ಕಳಿಸಿ, ಅಲ್ಲಿಂದ ಫೋನುಗಳಿಗೆ ಕೊಡುತ್ತಾರೆ. ಲೈನ್ ಚೆನ್ನಾಗಿದ್ದರೆ ಸ್ಪಷ್ಟ ತುಂಡು, ಇಲ್ಲದಿದ್ದರೆ ಮಸುಕು ತುಂಡು. ಈ ಕತ್ತರಿಸಿ ಕಳಿಸುವುದರಲ್ಲೇ ತಡ. ಅದಕ್ಕೇ ಪಕ್ಕದ ಮನೆಯಲ್ಲಿ ಡಿಶ್ ಟಿ.ವಿ. ನೋಡುವವರು ಕೂಗಿದ ಮೇಲೆ ನಮ್ಮ ಫೋನಿನಲ್ಲಿ ಕೊಹ್ಲಿ ಬ್ಯಾಟ್ ಎತ್ತುವುದು.

ಇಷ್ಟೆಲ್ಲ ಮಾಡಿದರೂ ಪ್ರತಿಯೊಬ್ಬನಿಗೂ ಬೇರೆ ಬೇರೆ ನಕಲು ಕೊಡಬೇಕು. 2018ರ ಫುಟ್‌ಬಾಲ್ ವಿಶ್ವಕಪ್ ಸಮಯದಲ್ಲಿ ಈ ದೇಶ ಇದನ್ನು ಕಣ್ಣಾರೆ ಕಂಡಿತು. ಎಲ್ಲ ಪಂದ್ಯ ತೋರಿಸುವ ಹಕ್ಕು ಆಪ್ಟಸ್ ಕಂಪನಿಯ ಆ್ಯಪ್‌ಗೆ ಸಿಕ್ಕಿತ್ತು. ಜನ ಪಂದ್ಯ ಶುರುವಾಗುವ ಹೊತ್ತಿಗೆ ಒಟ್ಟಿಗೆ ನುಗ್ಗಿದರು, ವ್ಯವಸ್ಥೆ ತಡೆಯಲಿಲ್ಲ. ಆಗಿನ ಪ್ರಧಾನಿ ಮಾಲ್ಕಂ ಟರ್ನ್‌ಬುಲ್ ಅವರೇ ಕಂಪನಿಯ ಮುಖ್ಯಸ್ಥರ ಜತೆ ಮಾತಾಡಬೇಕಾಯಿತು. ಕೊನೆಗೆ ಎಸ್.ಬಿ.ಎಸ್. ಟಿ.ವಿ.ಗೂ ಪಂದ್ಯಗಳನ್ನು ಬಿಟ್ಟುಕೊಟ್ಟರು. ಟಿ.ವಿ. ಪ್ರಸಾರದಲ್ಲಿ ಹತ್ತು ಜನ ನೋಡಿದರೂ ಹತ್ತು ಲಕ್ಷ ಜನ ನೋಡಿದರೂ ಗೋಪುರಕ್ಕೆ ಕೆಲಸ ಅಷ್ಟೇ. ಜಾತ್ರೆಯಲ್ಲಿ ಮೈಕಿನಲ್ಲಿ ಒಂದು ಸಲ ಹೇಳುವುದಕ್ಕೂ ಒಬ್ಬೊಬ್ಬರ ಕಿವಿಯಲ್ಲಿ ಹೇಳುತ್ತಾ ಹೋಗುವುದಕ್ಕೂ ಇರುವ ವ್ಯತ್ಯಾಸ ಇದು. ಮೊಬೈಲ್ ಟವರ್‌ನಿಂದಲೂ ಹೀಗೆ ಮೈಕಿನಂತೆ ಹೇಳಬಹುದು. ಟೆಲ್‌ಸ್ಟ್ರಾ ಮತ್ತು ಎರಿಕ್ಸನ್ ಸೇರಿ 2014ರಲ್ಲೇ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಅದನ್ನು ಪರೀಕ್ಷಿಸಿದ್ದರು. ಆದರೆ ಅದಕ್ಕೆ ಫೋನೂ ಒಪ್ಪಬೇಕು, ಆ್ಯಪೂ ಒಪ್ಪಬೇಕು. ಹಾಗಾಗಿ ಅದು ಎಲ್ಲರ ಕೈಗೆ ಬರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ತುಂಬಾ ಜನ ನೋಡುವ ವಸ್ತುವಿನ ಮಾತು. ಹೆಚ್ಚು ಜನ ಬಯಸಿದ್ದು ಹತ್ತಿರ ಬರುತ್ತದೆ, ಕಡಿಮೆ ಜನ ಬಯಸಿದ್ದು ದೂರದಲ್ಲೇ ಉಳಿಯುತ್ತದೆ. ಹಿಟ್ ಸಿನಿಮಾ ಪಕ್ಕದ ಬೂತಿನಲ್ಲಿ. ನಮ್ಮೂರ ತೇರಿನ ಯೂಟ್ಯೂಬ್ ಲೈವ್, ಅರವತ್ತು ಜನ ನೋಡುವುದು, ಅದು ಅಷ್ಟು ದೂರದಿಂದ ಬರಬೇಕು. ಇನ್ನು ಅವ್ವನ ಮುಖ? ಅದು ಯಾವ ಬೂತಿನಲ್ಲೂ ದಾಸ್ತಾನು ಇರುವುದಿಲ್ಲ. ವಿಡಿಯೋ ಕಾಲ್ ಅನ್ನುವುದು ಪ್ರತಿ ಸಲ ಹೊಸದು. ನೋಡುವವನು ಒಬ್ಬನೇ, ಇಡೀ ದಾರಿಯನ್ನು ಅದು ನಡೆದೇ ಬರಬೇಕು. ಇಲ್ಲಿನ ಟವರ್, ಇಲ್ಲಿನ ಫೈಬರ್, ಸಮುದ್ರ, ಅಲ್ಲಿನ ಫೈಬರ್, ಕೊನೆಗೆ ಊರ ಹೊರಗಿನ ಟವರ್. ಅದಕ್ಕೆ ಸಿನಿಮಾದಷ್ಟು ಅಗಲ ದಾರಿ ಬೇಡ, ಆದರೆ ಎಡೆಬಿಡದ ದಾರಿ ಬೇಕು, ಅದೂ ಎರಡೂ ಕಡೆಗೆ.

ಹಾಗಾದರೆ ಬೂತುಗಳಿಂದ ಅವ್ವನ ಕಾಲ್‌ಗೆ ಏನು ಲಾಭ? ಲಾಭ ಇದೆ. ಸಿನಿಮಾ ಹತ್ತಿರದಿಂದಲೇ ಬಂದರೆ ಸಮುದ್ರದ ಕೇಬಲ್ ಮಾತುಕತೆಗೆ ಉಳಿಯುತ್ತದೆ. ಆದರೆ ಟವರ್‌ನಿಂದ ಫೋನಿಗೆ ಬರುವ ಗಾಳಿಯ ದಾರಿಯನ್ನು ಯಾವ ಬೂತೂ ಅಗಲ ಮಾಡಲಾರದು. ಅಲ್ಲಿ ಸಿನಿಮಾವೂ ಅವ್ವನ ಕಾಲೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಎಂಟು ಜನ ಇರುವ ಮನೆಯಲ್ಲಿ ವೈಫೈ ಹಾಕಿಸದೆ ಎಲ್ಲರೂ ಒಂದೇ ಕಂಪನಿಯ ಮೊಬೈಲ್ ಡೇಟಾದಲ್ಲಿ ರಾತ್ರಿ ಒಂಬತ್ತಕ್ಕೆ ಸಿನಿಮಾ ಹಾಕಿದರೆ, ಒಂಬತ್ತೂವರೆಗೆ ಊರಿಗೆ ಕಾಲ್ ಮಾಡುವವನ ಪಾಲು ಹೋಯಿತು. ನೆಟ್‌ಫ್ಲಿಕ್ಸ್ ತಾನೇ ಹೇಳುವ ಲೆಕ್ಕದಲ್ಲಿ ಸಾಧಾರಣ ಗುಣಮಟ್ಟಕ್ಕೆ ಗಂಟೆಗೆ ಸುಮಾರು 1 ಜಿ.ಬಿ., ಎಚ್.ಡಿ.ಗೆ 3 ಜಿ.ಬಿ.ವರೆಗೆ. ಅಂಗೈಯಗಲದ ಪರದೆಯಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಕಾಣದು. ಗುಣಮಟ್ಟ ಒಂದು ಮೆಟ್ಟಿಲು ಇಳಿಸಿ, ಇಲ್ಲವೇ ವೈಫೈ ಇರುವ ಕಡೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನಿಮ್ಮ ಫೋನೇ ಒಂದು ಬೂತ್ ಆಗಲಿ.

ಈಗ ಮೊದಲು ಹೇಳಿದ ಜೀವದ ಮಾತಿಗೆ ಬರ್ತೀನಿ.

ಡೇಟಾಗೆ ಜಾಗ ಮಾಡಲು ಹಳೆಯ ಜಾಲಗಳನ್ನು ಮುಚ್ಚುತ್ತಾ ಬಂದಿದ್ದಾರೆ. ಟೆಲ್‌ಸ್ಟ್ರಾ 2016ರ ಡಿಸೆಂಬರಿನಲ್ಲಿ 2ಜಿ ನಿಲ್ಲಿಸಿತು. ವೊಡಾಫೋನ್ 2024ರ ಶುರುವಿನಲ್ಲಿ 3ಜಿ ಮುಗಿಸಿತು. 2024ರ ಅಕ್ಟೋಬರ್ 28ರಿಂದ ಟೆಲ್‌ಸ್ಟ್ರಾ, ಆಪ್ಟಸ್ ಎರಡೂ 3ಜಿ ಮುಚ್ಚಲು ಶುರುಮಾಡಿದವು. ವಿನ್ಯಾಸದ ಲೆಕ್ಕದಲ್ಲಿ ಇದು ಸರಿ: ಅದೇ ತರಂಗದಲ್ಲಿ ಈಗ ಎಷ್ಟೋ ಪಟ್ಟು ಹೆಚ್ಚು ಡೇಟಾ ಸಾಗುತ್ತದೆ. ಆದರೆ 3ಜಿ ಹೋದ ಮೇಲೆ ಮಾತಿನ ಕಾಲ್ ಕೂಡ 4ಜಿ ಮೇಲೆಯೇ ಹೋಗಬೇಕು. ಕೆಲವು ಫೋನುಗಳು ಮಾಮೂಲಿ ಕಾಲ್ 4ಜಿಯಲ್ಲಿ ಮಾಡುತ್ತಿದ್ದವು, ತುರ್ತು ಕರೆ 000ಕ್ಕೆ ಮಾತ್ರ 3ಜಿಗೆ ಇಳಿಯುತ್ತಿದ್ದವು. ಹೊರದೇಶದಲ್ಲಿ ಕೊಂಡ ಹಲವು ಫೋನುಗಳಲ್ಲಿ ಈ ತೊಂದರೆ ಇತ್ತು. ಹಾಗಾಗಿ 000 ಹೋಗದ ಫೋನುಗಳನ್ನು ಕಂಪನಿಗಳು ಬ್ಲಾಕ್ ಮಾಡಲೇಬೇಕು ಅಂತ ಸರ್ಕಾರ ನಿಯಮ ತಂದಿತು. ನಮ್ಮಲ್ಲಿ ಊರಿನಿಂದ ಬರುವಾಗ ತಮ್ಮನೋ ಮಾವನೋ ಕೊಡಿಸಿದ ಫೋನನ್ನೇ ಬಳಸುವವರು ಬಹಳ. ಅಂಥವರು ವಿಡಿಯೋ ಬರುತ್ತದೆ ಅಂತ ಸುಮ್ಮನಿರಬೇಡಿ. ಫೋನಿನ ಮಾಡೆಲ್ ಹೇಳಿ, 4ಜಿಯಲ್ಲಿ 000 ಹೋಗುತ್ತದಾ ಅಂತ ನಿಮ್ಮ ಸಿಮ್ ಕಂಪನಿಯನ್ನೇ ಕೇಳಿ. ಪರೀಕ್ಷೆಗೆ ಅಂತ 000 ಒತ್ತಲು ಮಾತ್ರ ಹೋಗಬೇಡಿ. ಸ್ಕ್ಯಾಫೋಲ್ಡ್ ಮೇಲೆ, ಸ್ವಿಚ್‌ರೂಮಿನಲ್ಲಿ ಕೆಲಸ ಮಾಡುವ ನಮಗೆ ಆ ಮೂರು ಸೊನ್ನೆಯ ಬೆಲೆ ಗೊತ್ತು.

ಇನ್ನು ಕಡ್ಡಿಯ ಮಾತು. 2023ರ ನವೆಂಬರ್ 8ರ ಬೆಳಗಿನ ಜಾವ ಆಪ್ಟಸ್ ಜಾಲ ದೇಶದುದ್ದಕ್ಕೂ ಬಿದ್ದುಹೋಯಿತು. ಸುಮಾರು ಒಂದು ಕೋಟಿ ಗ್ರಾಹಕರು ಹೆಚ್ಚುಕಡಿಮೆ ಇಡೀ ದಿನ ಪರದಾಡಿದರು. ಮೆಲ್ಬರ್ನ್‌ನಲ್ಲಿ ರೈಲುಗಳೇ ನಿಂತವು. ಆದದ್ದೇನು ಅಂದರೆ, ಒಂದು ಸಾಫ್ಟ್‌ವೇರ್ ಬದಲಾವಣೆಯ ನಂತರ ದಾರಿ ತೋರಿಸುವ ಮಾಹಿತಿ ಮಿತಿ ಮೀರಿ ಬಂತು. ಸುಮಾರು 90 ರೂಟರ್‌ಗಳು ತಮ್ಮನ್ನು ಕಾಪಾಡಿಕೊಳ್ಳಲು ತಾವೇ ಬೇರ್ಪಟ್ಟವು. ನಮ್ಮ ಭಾಷೆಯಲ್ಲಿ ಟ್ರಿಪ್ ಆದವು. ಒಂದೊಂದು ಎಂ.ಸಿ.ಬಿ.ಯೂ ತನ್ನ ಕೆಲಸ ಸರಿಯಾಗಿಯೇ ಮಾಡಿತು, ಆದರೆ ಎಲ್ಲವೂ ಒಟ್ಟಿಗೆ ಮಾಡಿದವು. ಒಂದು ಸರ್ಕ್ಯೂಟಿನ ದೋಷಕ್ಕೆ ಇಡೀ ಕಟ್ಟಡ ಕತ್ತಲಾಗಬಾರದು ಅಂತ ನಾವು ಕಲಿಯುತ್ತೇವೆ. ಜಾಲ ಕಟ್ಟುವವರಿಗೂ ಅದೇ ಪಾಠ. ಕೆಲವು ಕಡೆ ಇಂಜಿನಿಯರ್‌ಗಳು ಖುದ್ದು ಹೋಗಿ ಮತ್ತೆ ಚಾಲು ಮಾಡಬೇಕಾಯಿತು.

ಅವತ್ತು 2,145 ಜನರಿಗೆ 000 ಸಿಗಲಿಲ್ಲ ಅಂತ ಆಮೇಲೆ ನಡೆದ ತನಿಖೆ ಹೇಳಿತು. ಕಂಪನಿಗೆ 1.2 ಕೋಟಿ ಡಾಲರ್‌ಗೂ ಹೆಚ್ಚು ದಂಡ ಬಿತ್ತು. ಒಂದು ಕಂಪನಿಯ ಸಿಗ್ನಲ್ ಇಲ್ಲದಿದ್ದರೆ ಫೋನ್ ತುರ್ತು ಕರೆಯನ್ನು ಬೇರೆ ಕಂಪನಿಯ ಟವರ್‌ನಿಂದ ಕಳಿಸಬೇಕು, ನಿಯಮ ಹಾಗೇ ಇದೆ. ಆದರೆ ಅವತ್ತು ಕೋರ್ ಸತ್ತಿದ್ದರೂ ಕೆಲವು ಟವರ್‌ಗಳು ಉರಿಯುತ್ತಲೇ ಇದ್ದವು. ಫೋನಿನಲ್ಲಿ ಕಡ್ಡಿ ಕಾಣುತ್ತಿತ್ತು. ಕಡ್ಡಿ ಇದೆಯಲ್ಲ ಅಂತ ಫೋನ್ ಅಲ್ಲೇ ಅಂಟಿಕೊಂಡಿತು, ಬೇರೆ ಕಂಪನಿಯ ಕಡೆ ಹೋಗಲಿಲ್ಲ. ಮ್ಯಾಚ್ ಸುತ್ತುವುದಕ್ಕೂ ಇದಕ್ಕೂ ಕಾರಣ ಒಂದೇ ಜಾತಿಯದು: ಕಡ್ಡಿ ಮುಂದಿನ ಒಂದು ಗೇಣು ದಾರಿಯನ್ನು ಮಾತ್ರ ತೋರಿಸುತ್ತದೆ.

ಹಾಗಾಗಿ ಕೊನೆಗೆ ಎರಡು ಮಾತು. ಆಸ್ಟ್ರೇಲಿಯಾದಲ್ಲಿ ಅಂಗಡಿಗೆ ಹೋದರೆ ಹತ್ತಾರು ಹೆಸರಿನ ಸಿಮ್ ಕಾಣುತ್ತವೆ, ಆದರೆ ಹಿಂದೆ ಇರುವ ಜಾಲ ಮೂರೇ: ಟೆಲ್‌ಸ್ಟ್ರಾ, ಆಪ್ಟಸ್, ವೊಡಾಫೋನ್. ಸೂಪರ್‌ಮಾರ್ಕೆಟಿನ ಅಗ್ಗದ ಸಿಮ್ ಯಾವ ಜಾಲದ ಮೇಲೆ ಓಡುತ್ತದೆ ಅಂತ ಕೇಳಿ ತಗೊಳ್ಳಿ. ಒಂದೇ ಮನೆಯಲ್ಲಿರುವವರು, ಒಂದೇ ಸೈಟಿನ ಗ್ಯಾಂಗಿನವರು ಎಲ್ಲರೂ ಒಂದೇ ಜಾಲದಲ್ಲಿ ಇರಬೇಡಿ. ಇಬ್ಬರಾದರೂ ಬೇರೆ ಜಾಲದಲ್ಲಿರಿ. ಆಗ ರಾತ್ರಿ ಟವರ್ ಪಾಲಿನಲ್ಲೂ ಜಗಳ ಕಡಿಮೆ. ಎರಡನೆಯದು, ತುರ್ತಿನಲ್ಲಿ 000 ಹೋಗದಿದ್ದರೆ ಅದೇ ಫೋನನ್ನು ಒತ್ತುತ್ತಾ ಕೂರಬೇಡಿ. ಸಿಗ್ನಲ್ ಫುಲ್ ಕಾಣುತ್ತಿದ್ದರೂ ಸರಿ, ಬೇರೆ ಕಂಪನಿಯ ಸಿಮ್ ಇರುವವರ ಫೋನ್ ಇಸ್ಕೊಳ್ಳಿ. ಇವತ್ತು ಮನೆಗೆ ಹೋಗುವ ಮುಂಚೆ ಪಕ್ಕದಲ್ಲಿ ಕೂತವರನ್ನು ನಿಮ್ಮದು ಯಾವ ಜಾಲ ಅಂತ ಕೇಳಿಕೊಂಡೇ ಹೋಗಿ.